ವಾಂತಿಯೇ ಮಾಡದ ಇಲಿಯಿಂದ ನಮ್ಮ ಪ್ರಯಾಣದ ವಾಂತಿ ಬಗ್ಗೆ ಏನು ತಿಳಿಯುತ್ತದೆ?

ಕಿಟಕಿಪಕ್ಕ:
ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ ಅಲ್ವಾ, ನಾನು ಬಸ್ಸಲ್ಲಿ ಎಲ್ಲಿ ಕೂರುವವಳು ಅಂತ. ಗಾಡಿ ಹೊರಟು ಅರ್ಧ ಗಂಟೆಗೆ ಬಾಯಲ್ಲಿ ನೀರೂರುತ್ತದೆ, ಆಮೇಲೆ ಆಕಳಿಕೆ, ತಣ್ಣನೆ ಬೆವರು, ಮುಂದಿನದು ಹೇಳಬೇಕಾಗಿಲ್ಲ. ಇದಕ್ಕೆ ಹೊಸ ಮಾತ್ರೆ ಏನಾದರೂ ಬಂದಿದೆಯಾ ಅಂತ ಓದುತ್ತಾ ಹೋದರೆ ಎಲ್ಲಿ ನೋಡಿದರೂ ಇಲಿ. ಇಲಿಯನ್ನು ತಿರುಗಿಸಿದರು, ಇಲಿಗೆ ಔಷಧ ಕೊಟ್ಟರು, ಇಲಿಗೆ ವಾಸಿಯಾಯಿತು. ಅದೇ ಪುಟದ ಕೆಳಗೆ ಇನ್ನೊಂದು ಸಾಲು: ಇಲಿಗಳಿಗೆ ವಾಂತಿ ಮಾಡಲು ಆಗುವುದಿಲ್ಲ. ಏನ್ರೀ ಇದು? ಮೀನಿನ ಮೇಲೆ ಕೊಡೆ ಪರೀಕ್ಷೆ ಮಾಡಿದ ಹಾಗಲ್ವಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಪಂಜರದಾಚೆ:
ಇಂಥದೇ ಲ್ಯಾಬೊಂದರಲ್ಲಿ ಕೆಲವು ವರ್ಷ ಇದ್ದೆ. ಪಂಜರ ತೊಳೆಯುವುದರಿಂದ ಹಿಡಿದು ವಿಡಿಯೋ ನೋಡಿ ಎಣಿಸುವವರೆಗೆ ಎಲ್ಲ ಮಾಡಿದ್ದೇನೆ. ಗೊಂದಲ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ, ದೊಡ್ಡ ಜಾತಿಯದಕ್ಕೆ ಇಲಿ, ಸಣ್ಣ ಜಾತಿಯದಕ್ಕೆ ಚಿಟ್ಟಿಲಿ ಅಂತ ಬರೆಯುತ್ತೇನೆ.

ನೀವು ಓದಿದ್ದು ನಿಜ, ಎರಡೂ ವಾಂತಿ ಮಾಡುವುದಿಲ್ಲ. 2013ರಲ್ಲಿ ಪಿಟ್ಸ್‌ಬರ್ಗ್‌ನ ಚಾರ್ಲ್ಸ್ ಹಾರ್ನ್ ಮತ್ತು ಜೊತೆಗಾರರು ಇದನ್ನೇ ಹಿಡಿದು ಕೂತರು. ಇಲಿ, ಚಿಟ್ಟಿಲಿ, ಗಿನಿಪಿಗ್, ಬೀವರ್, ಹೀಗೆ ದಂಶಕಗಳ, ಅಂದರೆ ಕಡಿದು ತಿನ್ನುವ ಪ್ರಾಣಿಗಳ, ಬೇರೆ ಬೇರೆ ಕವಲುಗಳಿಂದ ಪ್ರಾಣಿಗಳನ್ನು ಆರಿಸಿ ವಾಂತಿ ಬರಿಸುವ ಮದ್ದು ಕೊಟ್ಟು ನೋಡಿದರು. ಒಂದೂ ಕಕ್ಕಲಿಲ್ಲ. ಹೊಟ್ಟೆಗೂ ಎದೆಗೂ ನಡುವಿನ ವಪೆಯ ಸ್ನಾಯು ಕಡಿಮೆ. ಹೊಟ್ಟೆಯ ಆಕಾರವೂ ಒಳಗಿದ್ದದ್ದನ್ನು ಅನ್ನನಾಳಕ್ಕೆ ವಾಪಸ್ ತಳ್ಳಲು ತಕ್ಕದ್ದಲ್ಲ. ಅದಕ್ಕಿಂತ ಮುಖ್ಯ, ಓಕರಿಸುವುದಕ್ಕೆ ಮಿದುಳಿನ ಬುಡದಿಂದ ಬರಬೇಕಾದ ಆಜ್ಞೆಯ ಜೋಡಣೆಯೇ ಅವುಗಳಲ್ಲಿ ಪೂರ್ತಿ ಇಲ್ಲ.

ಆದರೆ ಕನ್ನಡದಲ್ಲೇ ನೋಡಿ, ನಮಗೆ ಮೂರು ಬೇರೆ ಮಾತಿವೆ. ಹೊಟ್ಟೆ ತೊಳಸುವುದು, ಓಕರಿಸುವುದು, ವಾಂತಿ ಮಾಡುವುದು. ಮೂರೂ ಒಂದೇ ಅಲ್ಲ. ಎರಡು ಗಂಟೆ ಹೊಟ್ಟೆ ತೊಳಸಿ, ವಾಂತಿ ಬಾರದೇ ಊರು ತಲುಪಿದವರು ನಿಮ್ಮಲ್ಲೇ ಎಷ್ಟು ಜನ ಇಲ್ಲ? ಇಲಿಗೆ ಮೂರನೆಯದು ಇಲ್ಲ. ಮೊದಲನೆಯದು ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಅನುಮಾನರಾಯ:
ಸರಿ ಸ್ವಾಮಿ, ಆದರೆ ಹೊಟ್ಟೆ ತೊಳಸುತ್ತಿದೆ ಅಂತ ಇಲಿ ಬಂದು ನಿಮಗೆ ಹೇಳಿತಾ?

ಪಂಜರದಾಚೆ:
ಹೇಳುವುದಿಲ್ಲ, ಮಣ್ಣು ತಿನ್ನುತ್ತದೆ.

ತಮಾಷೆ ಅಲ್ಲ. ಇಲಿಗೆ ವಿಷದಂಥದ್ದು ಕೊಟ್ಟರೆ ಅದು ಪಂಜರದಲ್ಲಿ ಇಟ್ಟಿರುವ ಬಿಳಿ ಜೇಡಿಮಣ್ಣನ್ನು, ಅಂದರೆ ಕೆಯೋಲಿನ್ ಅನ್ನು, ಕಡಿದು ತಿನ್ನಲು ಶುರು ಮಾಡುತ್ತದೆ. ಆಹಾರ ಪಕ್ಕದಲ್ಲೇ ಇರುತ್ತದೆ, ಅದನ್ನು ಮುಟ್ಟುವುದಿಲ್ಲ. 1970ರ ದಶಕದ ನಡುವೆ ಡೆನಿಸ್ ಮಿಚೆಲ್ ಅನ್ನುವವರ ತಂಡ ಇದನ್ನು ಮೊದಲು ವಿಷದಲ್ಲಿ ತೋರಿಸಿತು, 1977ರಲ್ಲಿ ಬರೀ ತಿರುಗಿಸಿದರೂ ಇಲಿ ಮಣ್ಣು ತಿನ್ನುತ್ತದೆ ಅಂತ ತೋರಿಸಿತು. ಯಾವ ವಿಷವೂ ಇಲ್ಲ, ಸುಮ್ನೆ ತಿರುಗಿಸಿದ್ದು ಅಷ್ಟೇ. ಆಮೇಲೆ ಜಪಾನಿನಲ್ಲಿ ತಾಕೆದಾ ಮತ್ತು ಜೊತೆಗಾರರು ಇದನ್ನು ಅಳತೆಗೋಲಾಗಿಯೇ ಬೆಳೆಸಿದರು.

ಕೆಲಸ ಹೇಗಿರುತ್ತದೆ ಅಂದರೆ, ಕೆಯೋಲಿನ್ ಪುಡಿಗೆ ಚೂರು ಗೋಂದು ಹಾಕಿ ನೀರಲ್ಲಿ ಕಲಸಿ, ಇಲಿಯ ಆಹಾರದ ಉಂಡೆಗಳಷ್ಟೇ ದಪ್ಪಕ್ಕೆ ಒತ್ತಿ, ಒಣಗಿಸಿ ಇಡುತ್ತೇವೆ. ಮೊದಲ ಕೆಲವು ದಿನ ಸುಮ್ನೆ ಇಟ್ಟು ಅಭ್ಯಾಸ ಮಾಡಿಸಬೇಕು. ಇಲ್ಲದಿದ್ದರೆ ಹೊಸ ವಸ್ತು ಬಂತು ಅಂತ ಕುತೂಹಲಕ್ಕೇ ಕಡಿದು ಹಾಕುತ್ತವೆ. ಆಮೇಲೆ ಒಂದು ದಿನ ತಿರುಗಿಸುವುದು. ಬೆಳಿಗ್ಗೆ ಹೋಗಿ ನೋಡಿದರೆ ಮೀಸೆ ತುಂಬಾ ಬಿಳಿ ಪುಡಿ, ಮುಂಗಾಲು ಬಿಳಿ, ಹಿಕ್ಕೆ ಕೂಡ ಮಾಸಲು ಬಿಳಿ. ಕೂತ ಭಂಗಿಯೂ ಬೇರೆ, ಮೈ ಗುಬ್ಬರಿಸಿಕೊಂಡು ಮೂಲೆ ಹಿಡಿದಿರುತ್ತದೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಅನುಮಾನರಾಯ:
ಮಣ್ಣು ತಿನ್ನುವುದಕ್ಕೆ ನೂರು ಕಾರಣ ಇರಬಹುದಲ್ವಾ? ಡಬ್ಬಿಯಲ್ಲಿ ಹಾಕಿ ಗರಗರ ತಿರುಗಿಸಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ನೀವು ಅಳೆಯುತ್ತಿರುವುದು ಗಾಬರಿಯನ್ನೋ ತೊಳಸನ್ನೋ? ಎರಡನೆಯದು ಅಂತ ಹೇಳಲು ಆಧಾರ ಏನು?

ಪಂಜರದಾಚೆ:
ಒಳ್ಳೆ ಪ್ರಶ್ನೆ. ಉತ್ತರ ಕಿವಿಯಲ್ಲಿದೆ. ಎರಡೂ ಕಡೆಯ ಒಳಕಿವಿಯಲ್ಲಿ ಚಲನೆ ಗ್ರಹಿಸುವ ಸಮತೋಲದ ಭಾಗ ತೆಗೆದುಹಾಕಿದ ಇಲಿಯನ್ನು ಅದೇ ಯಂತ್ರದಲ್ಲಿ ತಿರುಗಿಸಿದರೆ ಅದು ಮಣ್ಣು ತಿನ್ನುವುದಿಲ್ಲ. ಡಬ್ಬಿ ಅದೇ, ಸದ್ದು ಅದೇ, ಗಾಬರಿಯೂ ಅದೇ ಇರಬೇಕು. ಇನ್ನೊಂದು, ಮನುಷ್ಯರಲ್ಲಿ ಪ್ರಯಾಣದ ವಾಂತಿಗೆ ಕೆಲಸ ಮಾಡುವ ಸ್ಕೋಪಲಮಿನ್, ಡೈಫೆನ್‌ಹೈಡ್ರಮಿನ್ ಕೊಟ್ಟರೆ ಇಲಿ ತಿನ್ನುವ ಮಣ್ಣು ಕಡಿಮೆಯಾಗುತ್ತದೆ.

ಒಳಕಿವಿ:
ಇಲ್ಲಿ ನನ್ನ ಕಥೆ ಸೇರಿಸುತ್ತೇನೆ. ಒಂದು ಸೋಂಕಿಗೆ ಕೊಟ್ಟ ಔಷಧದಿಂದ ನನ್ನ ಎರಡೂ ಕಿವಿಯ ಸಮತೋಲ ಹೋಯಿತು. ಕತ್ತಲಲ್ಲಿ ಗೋಡೆ ಹಿಡಿಯದೇ ನಡೆಯಲು ಆಗುವುದಿಲ್ಲ. ನಡೆಯುವಾಗ ಬೋರ್ಡಿನ ಅಕ್ಷರ ಕುಣಿಯುತ್ತವೆ. ಆದರೆ ಮೊದಲು ಕಾರಿನ ಹಿಂದಿನ ಸೀಟಲ್ಲಿ ಹತ್ತು ನಿಮಿಷ ಕೂರಲಾಗದ ನಾನು ಈಗ ತಿರುವು ದಾರಿಯಲ್ಲಿ ಮೊಬೈಲ್ ಓದುತ್ತಾ ಹೋಗುತ್ತೇನೆ. ಇಂಥ ಲಾಭ ಯಾರಿಗೂ ಬೇಡ, ಆದರೂ ನಿಜ. ಇದು ಹಳೆಯ ವಿಷಯವೇ. 1882ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಕಿವುಡರಲ್ಲಿ ಅನೇಕರಿಗೆ ತಿರುಗಿಸಿದರೂ ತಲೆಸುತ್ತು ಬರುವುದಿಲ್ಲ ಅಂತ ಬರೆದಿದ್ದರು. ಆ ಕಿವಿ ತೆಗೆದ ಇಲಿ ನಾನೇ ಅನ್ನಿಸಿತು ನಿಮ್ಮ ಮಾತು ಓದಿ.

ಕಿಟಕಿಪಕ್ಕ:
@ಒಳಕಿವಿ ಅಯ್ಯೋ. ಇನ್ನು ಮೇಲೆ ನಾನು ಬಸ್ಸಿನ ಬಗ್ಗೆ ಜಾಸ್ತಿ ಗೊಣಗುವುದಿಲ್ಲ.

ಗುಳಿಗೆಡಬ್ಬಿ:
ನಾನು ಔಷಧದ ಕಡೆಯವನು, ಒಂದು ತಕರಾರು ಇದೆ. ಇಲಿಯನ್ನು ಎಷ್ಟೇ ಹೊಗಳಿ, ಈ ಕ್ಷೇತ್ರದ ಹೆಸರುವಾಸಿ ಮಾತ್ರೆ ಇಲಿಯಿಂದ ಬಂದದ್ದಲ್ಲ. 1940ರ ದಶಕದ ಕೊನೆಯಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲೆಸ್ಲಿ ಗೇ, ಪಾಲ್ ಕಾರ್ಲಿನರ್ ಅನ್ನುವ ಇಬ್ಬರು ವೈದ್ಯರು ಡ್ರಾಮಮೀನ್ ಅನ್ನು ಅಲರ್ಜಿಗೆ ಅಂತ ಕೊಡುತ್ತಿದ್ದರು. ಮೈಮೇಲೆ ದದ್ದು ಅಂತ ಬಂದ ಹೆಂಗಸೊಬ್ಬಳು, ಟ್ರಾಮ್ ಹತ್ತಿದರೆ ಯಾವಾಗಲೂ ಹೊಟ್ಟೆ ತೊಳಸುತ್ತಿತ್ತು, ಈ ಗುಳಿಗೆ ನುಂಗಿದರೆ ತೊಳಸುವುದಿಲ್ಲ ಅಂದಳು. ಅವರು ಅದನ್ನು ಒಂದು ಸೈನಿಕರ ಹಡಗಿಗೇ ಒಯ್ದು ಅಟ್ಲಾಂಟಿಕ್ ದಾಟುವಾಗ ಪರೀಕ್ಷೆ ಮಾಡಿ 1949ರಲ್ಲಿ ಪ್ರಕಟಿಸಿದರು. ಇಲಿಯ ಸುಳಿವೇ ಇಲ್ಲ ಅದರಲ್ಲಿ.

ಎರಡನೆಯದು. ಕ್ಯಾನ್ಸರ್ ಔಷಧದ ವಾಂತಿಗೆ ಕೊಡುವ ಒಂಡನ್‌ಸೆಟ್ರಾನ್ ಗುಂಪಿನ ದಾರಿ ತೆರೆದದ್ದು ಫೆರೆಟ್, ಮುಂಗುಸಿಯಂತೆ ಕಾಣುವ ಒಂದು ಸಣ್ಣ ಪ್ರಾಣಿ. 1986ರ ಸುಮಾರಿಗೆ ಈ ಗುಂಪಿನ ಔಷಧದಿಂದ, ಕ್ಯಾನ್ಸರ್ ಔಷಧವಾದ ಸಿಸ್‌ಪ್ಲಾಟಿನ್ ಕೊಟ್ಟ ಫೆರೆಟ್‌ಗಳಲ್ಲಿ ವಾಂತಿ ನಿಂತದ್ದು ಕಂಡಿತು. ಅದೇ ಒಂಡನ್‌ಸೆಟ್ರಾನ್ ಬಸ್ಸಿನ ವಾಂತಿಗೆ ಬಹುತೇಕ ಕೆಲಸಕ್ಕೆ ಬರುವುದಿಲ್ಲ. ಜನ ಬಂದು ವಾಂತಿ ಮಾತ್ರೆ ಅಂದರೆ ಅದನ್ನೇ ಕೇಳುತ್ತಾರೆ. ವಿಷದ ದಾರಿ ಬೇರೆ, ಚಲನೆಯ ದಾರಿ ಬೇರೆ ಅಂತ ಹೇಳಿ ಹೇಳಿ ಬಾಯಿ ನೋಯುತ್ತದೆ.

ಮೂರನೆಯದು ದೊಡ್ಡ ತೊಡಕು. ವಾಂತಿ ತಡೆಯುವ ಅಪ್ರೆಪಿಟೆಂಟ್ ಥರದ ಔಷಧಗಳು ಹಿಡಿದುಕೊಳ್ಳುವ ಗ್ರಾಹಕ, ಅಂದರೆ ಕೋಶದ ಮೇಲೆ ಔಷಧ ಅಂಟುವ ಜಾಗ, ಇಲಿ, ಚಿಟ್ಟಿಲಿಗಳಲ್ಲಿ ನಮ್ಮದಕ್ಕಿಂತ ಸ್ವಲ್ಪ ಬೇರೆ. ನಮಗೆ ಚೆನ್ನಾಗಿ ಅಂಟುವ ಔಷಧ ಅವಕ್ಕೆ ಸರಿಯಾಗಿ ಅಂಟುವುದಿಲ್ಲ. ಇಲಿಯನ್ನೇ ನಂಬಿಕೊಂಡಿದ್ದರೆ ಒಳ್ಳೆ ಔಷಧವೊಂದು ಬಾಗಿಲಲ್ಲೇ ವಾಪಸ್ ಹೋಗುತ್ತಿತ್ತು.

ಅನುಮಾನರಾಯ:
ನನ್ನ ಅರ್ಧ ಮಾತು ಗುಳಿಗೆಡಬ್ಬಿಯವರೇ ಆಡಿದರು. ಇನ್ನರ್ಧ ಇದು: ವಾಂತಿ ಮಾಡುವ ಸಣ್ಣ ಪ್ರಾಣಿ ಇಲ್ಲವೇ ಇಲ್ವಾ? ಅದನ್ನು ಬಿಟ್ಟು ಇಲಿ ಯಾಕೆ?

ಪಂಜರದಾಚೆ:
ಇದೆ, ಸುಂಡಿಲಿ. ಹೆಸರಲ್ಲಿ ಇಲಿ ಇದೆ, ಜಾತಿಯಲ್ಲಿ ಇಲ್ಲ. ಅದು ಹುಳ ತಿನ್ನುವ ಪ್ರಾಣಿಗಳ ಗುಂಪು, ದಂಶಕ ಅಲ್ಲವೇ ಅಲ್ಲ. 1987, 88ರಲ್ಲಿ ಜಪಾನಿನ ಉಎನೊ, ಮಾತ್ಸುಕಿ, ಸೈತೊ ಇವರು ಸುಂಡಿಲಿಯನ್ನು ಈ ಕೆಲಸಕ್ಕೆ ತಂದರು. ಸೆಕೆಂಡಿಗೆ ಒಂದು ಸಲದಂತೆ 4 ಸೆಂಟಿಮೀಟರ್‌ನಷ್ಟು ಅಡ್ಡಡ್ಡ ಅಲುಗಾಡಿಸಿದರೆ ಸಾಕು, ಕೆಲವೇ ನಿಮಿಷದಲ್ಲಿ ಕಕ್ಕುತ್ತದೆ. ನಿಮ್ಮ ಅಂಗೈ ಮೇಲೆ ಕೂರುವ ಪ್ರಾಣಿ, ಎಣಿಸಲು ಸುಲಭ, ಬೇರೆ ಅನುಮಾನವೇ ಇಲ್ಲ. ಮನುಷ್ಯರಿಗೆ ಅತಿ ಕೆಟ್ಟದ್ದು ಸುಮಾರು 0.2 ಹರ್ಟ್ಜ್, ಅಂದರೆ ಐದು ಸೆಕೆಂಡಿಗೊಂದು ನಿಧಾನದ ಏಳುಬೀಳು, ಹಡಗಿನಲ್ಲಿ ಆಗುವ ಥರ. ಪ್ರಾಣಿ ಸಣ್ಣದಾದಂತೆ ಈ ಲೆಕ್ಕ ಬದಲಾಗುತ್ತದೆ ಅನ್ನುವುದೂ ನೆನಪಿರಲಿ.

ಹಾಗಾದರೆ ಎಲ್ಲರೂ ಸುಂಡಿಲಿಯನ್ನೇ ಸಾಕಬೇಕಿತ್ತಲ್ವಾ? ಒಂದು, ವಾಸನೆ. ಅದರ ಪಕ್ಕೆಯ ಗ್ರಂಥಿಯ ನಾತ ಬಟ್ಟೆಗೆ ಹತ್ತಿದರೆ ಸಂಜೆ ಮನೆಯವರು ಒಳಗೆ ಬಿಡುವುದಿಲ್ಲ. ಎರಡು, ಚಿಟ್ಟಿಲಿಯಲ್ಲಿ ಬೇಕಾದ ಜೀನ್ ತೆಗೆದು, ಬೇಕಾದ ನರಕೋಶವನ್ನೇ ಬೆಳಕಿನಿಂದ ಚಾಲೂ ಮಾಡಿ ಬಂದ್ ಮಾಡುವ ವಿದ್ಯೆ ದಶಕಗಳಿಂದ ಬೆಳೆದಿದೆ. ಸುಂಡಿಲಿಯಲ್ಲಿ ಅಷ್ಟಿಲ್ಲ. ಯಾವ ನರ ಯಾವ ಕೆಲಸ ಮಾಡುತ್ತದೆ ಅಂತ ಹುಡುಕುವವರು ಮತ್ತೆ ಚಿಟ್ಟಿಲಿಗೇ ಬರಬೇಕು.

ಗುಳಿಗೆಡಬ್ಬಿ:
ಅಂದರೆ ಕಳೆದುಕೊಂಡ ಬೀಗದ ಕೈಯನ್ನು ದೀಪ ಇರುವಲ್ಲೇ ಹುಡುಕಿದ ಹಾಗೆ.

ಪಂಜರದಾಚೆ:
ಸ್ವಲ್ಪ ಹಾಗೇ, ಒಪ್ಪುತ್ತೇನೆ. ಆದರೆ ಸಿಕ್ಕಿದ್ದೂ ಇದೆ. 2023ರಲ್ಲಿ ಬಾರ್ಸಿಲೋನಾದ ತಂಡವೊಂದು ಚಿಟ್ಟಿಲಿಗಳನ್ನು ತಿರುಗಿಸಿ, ಒಳಕಿವಿಯ ಸುದ್ದಿ ಬಂದು ಸೇರುವ ಮಿದುಳಿನ ಭಾಗದಲ್ಲಿ ಸಿಸಿಕೆ ಅನ್ನುವ ರಾಸಾಯನಿಕ ತಯಾರಿಸುವ ಒಂದು ಸಣ್ಣ ಗುಂಪು ನರಕೋಶಗಳನ್ನು ಗುರುತಿಸಿತು. ತಿರುಗಿಸಿದ ಮೇಲೆ ಚಿಟ್ಟಿಲಿ ಊಟ ಬಿಡುವುದು, ಮೈ ತಣ್ಣಗಾಗುವುದು, ಓಡಾಟ ಕಮ್ಮಿಯಾಗುವುದು, ಇದರಲ್ಲಿ ಅವುಗಳ ಪಾತ್ರ ಕಂಡಿತು. ಆ ರಾಸಾಯನಿಕ ಹಿಡಿಯುವ ಗ್ರಾಹಕವನ್ನು ಮುಚ್ಚಿದರೆ ತೊಂದರೆ ಕಡಿಮೆಯಾಯಿತು. ಇದನ್ನು ಸುಂಡಿಲಿಯಲ್ಲಿ ಮಾಡಲು ಹೋಗಿದ್ದರೆ ಎಷ್ಟು ವರ್ಷ ಹಿಡಿಯುತ್ತಿತ್ತೋ.

ಮೊದಲಸಲ:
ಮೈ ತಣ್ಣಗಾಗುವುದು ಅಂದಿರಲ್ಲ, ಇಲಿಗೂ ತಣ್ಣನೆ ಬೆವರು ಬರುತ್ತಾ?

ಪಂಜರದಾಚೆ:
ಬೆವರಲ್ಲ, ಬಾಲ. ಇಲಿ ಬಾಲದಿಂದ ಶಾಖ ಹೊರಗೆ ಬಿಡುತ್ತದೆ. ತಿರುಗಿಸಿದಾಗ ಬಾಲದ ರಕ್ತನಾಳ ಹಿಗ್ಗಿ ಬಾಲ ಬೆಚ್ಚಗಾಗುತ್ತದೆ, ಒಳಮೈ ತಣ್ಣಗಾಗುತ್ತದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನ ನಲಿವೈಕೊ ಈ ಜಾಡು ಹಿಡಿದು ತುಂಬಾ ಕೆಲಸ ಮಾಡಿದ್ದಾರೆ. ಸುಂಡಿಲಿಯಲ್ಲೂ ಮೈ ಬಿಸಿ ಇಳಿಯುತ್ತದೆ, ಮನುಷ್ಯರಲ್ಲೂ ಇಳಿಯುತ್ತದೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟವಾದ ಗುರುತು. ಮಣ್ಣು ತಿನ್ನುವುದು ಆಮೇಲಿನ ಮಾತು, ಗಂಟೆಗಟ್ಟಲೆ ಕಾಯಬೇಕು. ಇದು ತಿರುಗುತ್ತಿರುವಾಗಲೇ ಕಾಣುತ್ತದೆ.

ಅನುಮಾನರಾಯ:
ನಾನು ಒಂದು ಕಡೆ ಓದಿದ್ದು, ರುಚಿ ಮೇಲೆ ಹೇಸಿಗೆ ಬರಿಸುವ ಪರೀಕ್ಷೆ ಇದೆಯಂತೆ. ಸಿಹಿ ನೀರು ಕೊಟ್ಟು ಆಮೇಲೆ ಹುಷಾರು ತಪ್ಪಿಸಿದರೆ ಮುಂದೆ ಸಿಹಿ ನೀರು ಮುಟ್ಟುವುದಿಲ್ಲ ಅಂತ. ಅದು ಮಣ್ಣಿಗಿಂತ ಗಟ್ಟಿ ಸಾಕ್ಷಿ ಅಲ್ವಾ?

ಪಂಜರದಾಚೆ:
ಗಟ್ಟಿ ಅಂತ ಕಾಣುತ್ತದೆ, ಅಲ್ಲೇ ಎಡವುತ್ತೇವೆ. ಜಾನ್ ಗಾರ್ಸಿಯಾ 1955ರಲ್ಲಿ ಇದನ್ನು ತೋರಿಸಿದ್ದು, ಸ್ಯಾಕರಿನ್ ನೀರು ಮತ್ತು ಗಾಮಾ ವಿಕಿರಣ ಇಟ್ಟುಕೊಂಡು. ರುಚಿಗೂ ಕಾಯಿಲೆಗೂ ನಡುವೆ ಗಂಟೆಗಳೇ ಕಳೆದರೂ ಇಲಿ ಎರಡನ್ನೂ ಜೋಡಿಸಿಕೊಳ್ಳುತ್ತದೆ ಅಂತ ಮುಂದೆ ಗೊತ್ತಾಯಿತು. ಕಲಿಕೆ ಆಗಬೇಕಾದರೆ ಸೆಕೆಂಡುಗಳ ಅಂತರ ಮಾತ್ರ ಇರಬೇಕು ಅಂತ ಆಗ ಎಲ್ಲರ ನಂಬಿಕೆ. ಹಾಗಾಗಿ ಅವರನ್ನು ಬಹಳ ಜನ ನಂಬಲೇ ಇಲ್ಲ.

ಆದರೆ ತೊಡಕು ಎಲ್ಲಿ ಅಂದರೆ, ಇಲಿಗೆ ಆಂಫೆಟಮಿನ್ ಅನ್ನುವ ಉತ್ತೇಜಕ ಮದ್ದು ಕೊಟ್ಟರೂ ಅದರ ಜೊತೆ ಬಂದ ರುಚಿಯನ್ನು ದೂರ ಇಡುತ್ತದೆ. ಅದೇ ಇಲಿ ಆಂಫೆಟಮಿನ್ ಬೇಕು ಅಂತ ಸನ್ನೆ ಒತ್ತಿ ಒತ್ತಿ ತೆಗೆದುಕೊಳ್ಳುತ್ತದೆ. ಅಂದ ಮೇಲೆ ರುಚಿ ಬಿಟ್ಟಿತು ಅಂದ ಮಾತ್ರಕ್ಕೆ ಹೊಟ್ಟೆ ತೊಳಸಿತ್ತು ಅನ್ನಲು ಬರುವುದಿಲ್ಲ.

ಇದಕ್ಕೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಲಿಂಡಾ ಪಾರ್ಕರ್ ಹಿಡಿದ ದಾರಿ ಚೆನ್ನಾಗಿದೆ. ಇಲಿ ಎಷ್ಟು ಕುಡಿಯಿತು ಅಂತ ನೋಡುವ ಬದಲು ಅದರ ಮುಖ ನೋಡುವುದು. ಸಣ್ಣ ನಳಿಕೆಯಿಂದ ಆ ಸಿಹಿ ನೀರನ್ನು ನೇರ ಬಾಯಿಗೆ ಬಿಡುತ್ತಾರೆ. ತಳ ಗಾಜಿನದು, ಕೆಳಗೆ ಓರೆಯಾಗಿ ಕನ್ನಡಿ, ಕನ್ನಡಿಯ ಮುಂದೆ ಕ್ಯಾಮೆರಾ. ಹೊಟ್ಟೆ ಕೆಡಿಸುವ ಲಿಥಿಯಂ ಜೊತೆ ಜೋಡಿಸಿದ ರುಚಿಯಾದರೆ ಇಲಿ ಬಾಯಿಯನ್ನು ತ್ರಿಕೋನದಂತೆ ಅಗಲ ಮಾಡುತ್ತದೆ, ಕೆಳಗಿನ ಹಲ್ಲು ಕಾಣುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ಅದಕ್ಕೇ ವಿಡಿಯೋವನ್ನು ನಿಧಾನ ಮಾಡಿ ಎಣಿಸಬೇಕು. ಸುಂಡಿಲಿ ಓಕರಿಸುವಾಗ ಮಾಡುವ ಮುಖವೂ ಹೆಚ್ಚುಕಮ್ಮಿ ಅದೇ. ಆಂಫೆಟಮಿನ್ ಜೊತೆ ಜೋಡಿಸಿದ ರುಚಿಗೆ ಇಲಿ ಹೀಗೆ ಬಾಯಿ ತೆರೆಯುವುದಿಲ್ಲ. ಅದೇ ಇದರ ಬೆಲೆ.

ಗುಳಿಗೆಡಬ್ಬಿ:
ಹಾಗಾದರೆ 2022ರಲ್ಲಿ ಬೀಜಿಂಗ್‌ನಿಂದ ಬಂದ ಕೆಲಸ? ಸ್ಟ್ಯಾಫೈಲೋಕಾಕಸ್ ಬ್ಯಾಕ್ಟೀರಿಯಾದ ವಿಷ ಕೊಟ್ಟ ಚಿಟ್ಟಿಲಿಗಳು ಬಾಯಿ ಅಗಲಿಸಿ ವಪೆ ಮತ್ತು ಹೊಟ್ಟೆಯ ಸ್ನಾಯು ಒಟ್ಟಿಗೆ ಬಿಗಿದವು ಅಂತ. ಏನೂ ಹೊರಬರಲಿಲ್ಲ, ಆದರೆ ಓಕರಿಕೆಯ ಹಾಗೇ ಇತ್ತು. ನೀವು ಮೇಲೆ ಆಜ್ಞೆಯ ಜೋಡಣೆಯೇ ಪೂರ್ತಿ ಇಲ್ಲ ಅಂದಿರಿ.

ಪಂಜರದಾಚೆ:
ಸರಿಯಾಗಿ ಹಿಡಿದಿರಿ. ಎರಡೂ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ, ನಾನು ಮೇಲೆ ಬರೆದದ್ದು ಜಾಸ್ತಿ ಖಡಾಖಂಡಿತ ಆಯಿತು. ಕಕ್ಕುವುದಿಲ್ಲ ಅನ್ನುವುದು ಖಂಡಿತ. ಓಕರಿಕೆಯ ತುಣುಕುಗಳೂ ಇಲ್ಲ ಅನ್ನುವುದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆ ಕೆಲಸದಲ್ಲಿ ಕರುಳಿನಿಂದ ಮಿದುಳಿನ ಬುಡದವರೆಗಿನ ದಾರಿಯನ್ನೇ ನರಕೋಶ ಸಮೇತ ಗುರುತಿಸಿದ್ದಾರೆ, ಕರುಳಿನ ಕೋಶ ಸಿರೊಟೋನಿನ್ ಅನ್ನುವ ರಾಸಾಯನಿಕ ಬಿಡುವಲ್ಲಿಂದ ಶುರುವಾಗಿ. ಆದರೆ ಅದು ವಿಷದ ದಾರಿ, ನೀವೇ ಹೇಳಿದ ಹಾಗೆ ಬಸ್ಸಿನ ದಾರಿ ಅಲ್ಲ.

ಮೂಕಪ್ರಾಣಿ:
ಇಷ್ಟೆಲ್ಲ ಓದಿದೆ. ಕಿವಿ ತೆಗೆದರು, ವಿಷ ಕೊಟ್ಟರು, ತಿರುಗಿಸಿದರು. ನಮ್ಮ ಎರಡು ಗಂಟೆಯ ಪ್ರಯಾಣಕ್ಕೆ ಇಷ್ಟು ಬೇಕಾ? ಮನುಷ್ಯರನ್ನೇ ಕುರ್ಚಿಯಲ್ಲಿ ತಿರುಗಿಸಬಹುದಲ್ಲ, ಒಪ್ಪಿ ಬರುವವರು ಸಿಗುತ್ತಾರೆ. ಅವರಿಗೆ ಬಾಯಿಯೂ ಇದೆ.

ಪಂಜರದಾಚೆ:
ತಿರುಗಿಸುತ್ತಾರೆ, ತುಂಬಾ ಕೆಲಸ ಹಾಗೇ ಆಗುತ್ತದೆ. ಸಾಕು ಅನ್ನಿಸಿದರೆ ಮನುಷ್ಯ ನಿಲ್ಲಿಸಿ ಅನ್ನುತ್ತಾನೆ, ಇಲಿಗೆ ಆ ಅವಕಾಶ ಇಲ್ಲ. ನನಗೆ ಅದು ಕೊನೆವರೆಗೂ ಚುಚ್ಚುತ್ತಿತ್ತು. ಬಸ್ಸಿನ ವಾಂತಿಗೆ ಮಾತ್ರ ಅಂತಾದರೆ ನಾನೂ ನಿಮ್ಮ ಕಡೆಯೇ. ಆದರೆ ಇದೇ ಅಳತೆಗಳು ಬೇರೆ ಕಡೆಗೂ ಹೋಗುತ್ತವೆ. ಜಿಡಿಎಫ್15 ಅನ್ನುವ ಹಾರ್ಮೋನ್ ಕೊಟ್ಟರೆ ಇಲಿ ಮಣ್ಣು ತಿನ್ನುತ್ತದೆ, ಸುಂಡಿಲಿ ಕಕ್ಕುತ್ತದೆ ಅಂತ 2020ರಲ್ಲಿ ಬಂತು. 2023ರಲ್ಲಿ ಅದೇ ಹಾರ್ಮೋನ್ ಬಸುರಿಯರ ತೀವ್ರ ವಾಂತಿಗೆ ಕಾರಣ ಅನ್ನುವ ಬಲವಾದ ಸಾಕ್ಷಿ ಮನುಷ್ಯರಲ್ಲೇ ಸಿಕ್ಕಿತು. ಆಸ್ಪತ್ರೆ ಸೇರಿ ಡ್ರಿಪ್ ಹಾಕಿಸಿಕೊಳ್ಳುವ ಮಟ್ಟದ ವಾಂತಿ ಅದು. ಅಲ್ಲಿ ಇಲಿ ವ್ಯರ್ಥ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೂಕಪ್ರಾಣಿ:
ಒಪ್ಪಿದೆ ಅಂತ ಹೇಳುವುದಿಲ್ಲ, ಆದರೆ ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್.

ಅನುಮಾನರಾಯ:
ನನ್ನ ಲೆಕ್ಕ ಈಗ ಹೀಗಿದೆ. ಮಣ್ಣು, ಮೈ ಬಿಸಿ, ಬಾಯಿ ತೆರೆಯುವುದು, ಯಾವುದೂ ತೊಳಸು ಅಲ್ಲ, ತೊಳಸಿನ ಹೆಜ್ಜೆ ಗುರುತು. ಒಂದನ್ನೇ ಹಿಡಿದು ಬರೆದವರನ್ನು ನಂಬುವುದಿಲ್ಲ. ಎರಡು ಮೂರು ಒಟ್ಟಿಗೆ ತೋರಿಸಿ, ಸುಂಡಿಲಿಯಲ್ಲೂ ಕಂಡಿತು ಅಂದರೆ ಕಿವಿ ಕೊಡುತ್ತೇನೆ. ಇನ್ನೊಂದು ಕೇಳಬೇಕು, ತಪ್ಪು ಎಷ್ಟು ನಡೆಯುತ್ತದೆ? ಪೇಪರಿನಲ್ಲಿ ಎಲ್ಲ ಚಂದವಾಗೇ ಇರುತ್ತದೆ.

ಪಂಜರದಾಚೆ:
ನಡೆಯುತ್ತದೆ ಮಾರಾಯ್ರೆ. ನಾನೇ ಮಾಡಿದ್ದು ಕೇಳಿ. ಇಲಿ ಮಣ್ಣನ್ನು ತಿನ್ನುವುದಕ್ಕಿಂತ ಜಾಸ್ತಿ ಕಡಿದು ಉದುರಿಸುತ್ತದೆ. ಪಂಜರದ ಕೆಳಗೆ ಕಾಗದ ಹಾಸಿ, ಬಿದ್ದ ಪುಡಿಯನ್ನೆಲ್ಲ ಬ್ರಷ್‌ನಿಂದ ಗುಡಿಸಿ, ಹಿಕ್ಕೆ, ಕೂದಲು ಆರಿಸಿ ತೂಗಬೇಕು. ಇಟ್ಟ ತೂಕದಲ್ಲಿ ಉಳಿದದ್ದನ್ನೂ ಉದುರಿದ್ದನ್ನೂ ಕಳೆದರೆ ತಿಂದದ್ದು. ಒಂದು ವಾರ ನಾನು ಪುಡಿಯನ್ನು ಒಣಗಿಸದೇ ತೂಗಿದೆ, ಉಚ್ಚೆ ಹೀರಿಕೊಂಡು ಭಾರವಾಗಿತ್ತು. ಲೆಕ್ಕ ಹಾಕಿದರೆ ನಾಲ್ಕು ಇಲಿ ಸೊನ್ನೆಗಿಂತ ಕಮ್ಮಿ ಮಣ್ಣು ತಿಂದಿವೆ! ಮೇಲಿನವರು ಹಾಳೆ ನೋಡಿ, ಇವು ಮಣ್ಣು ತಿಂದವೋ ತಯಾರು ಮಾಡಿದವೋ ಅಂತ ಕೇಳಿದರು. ಸೊನ್ನೆಗಿಂತ ಕೆಳಗೆ ಹೋದದ್ದರಿಂದ ಸಿಕ್ಕಿಬಿದ್ದೆ. ಒಂದಿಷ್ಟು ಮಾತ್ರ ತಪ್ಪಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಔಷಧ ಕೆಲಸ ಮಾಡಿತು ಅಂತ ಬರೆದುಬಿಡುತ್ತಿದ್ದೆವು.

ಕಿಟಕಿಪಕ್ಕ:
😀 ನನ್ನ ಕೊನೆ ಪ್ರಶ್ನೆ. ಹಡಗಿನವರಿಗೆ ಕೆಲವು ದಿನದಲ್ಲಿ ಅಭ್ಯಾಸ ಆಗಿಹೋಗುತ್ತದಂತೆ. ಇಲಿಯನ್ನು ದಿನಾ ತಿರುಗಿಸಿದರೆ ಅದಕ್ಕೂ ಆಗುತ್ತದಾ?

ಪಂಜರದಾಚೆ:
ಆಗುತ್ತದೆ. ದಿನಾ ತಿರುಗಿಸುತ್ತಾ ಹೋದರೆ ಮಣ್ಣು ತಿನ್ನುವುದು ದಿನದಿಂದ ದಿನಕ್ಕೆ ಇಳಿಯುತ್ತದೆ. ಕೆಲವು ಇಲಿ ಬೇಗ, ಕೆಲವು ನಿಧಾನ. ನಮ್ಮಲ್ಲಿ ಒಂದು ಇತ್ತು, ಮೊದಲ ದಿನ ಡಬ್ಬಿಯಿಂದ ಇಳಿಸಿದರೆ ನೇರ ಮಣ್ಣಿನ ಬಟ್ಟಲಿಗೆ ಹೋಗಿ ಕೂತದ್ದು. ಎರಡನೇ ವಾರ ಇಳಿಸಿದರೆ ಮೀಸೆ ಒರೆಸಿಕೊಂಡು ಊಟಕ್ಕೆ ಹೋಯಿತು.

ಕಿಟಕಿಪಕ್ಕ:
ಎರಡೇ ವಾರ! ನಾನು ಇಪ್ಪತ್ತು ವರ್ಷದಿಂದ ದಿನಾ ಅದೇ ಬಸ್ಸಲ್ಲಿ ಹೋಗುತ್ತಿದ್ದೇನೆ.